ಹಾರ್ಮೋನಿಯಂ ಬಿಟ್ಟು ಹಾಡಿದ ನಾವು ನಾಲ್ವರು

ನಾನು ಹಾಡುವುದು ಬಾಸ್. 19 ವರ್ಷದಿಂದ ಅದೇ ಕೆಳಗಿನ ಸಾಲು. ನಮ್ಮ ಗುಂಪಿನಲ್ಲಿ ಇರುವುದೇ ನಾಲ್ಕು ಜನ ಗಂಡಸರು, ಮೇಲಿನ ದನಿಯಿಂದ ಕೆಳಗಿನ ದನಿಗೆ: ಫಸ್ಟ್ ಟೆನರ್, ಸೆಕೆಂಡ್ ಟೆನರ್, ಬ್ಯಾರಿಟೋನ್, ಬಾಸ್. ವಾದ್ಯ ಒಂದೂ ಇಲ್ಲ.

ಮಂಗಳೂರಿನಲ್ಲಿ ಬೆಳೆದವರಿಗೆ ನಾಲ್ಕು ಧ್ವನಿಯ ಹಾಡು ಹೊಸದಲ್ಲ. 1834ರಲ್ಲಿ ಸ್ವಿಟ್ಜರ್‌ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಇಲ್ಲಿಗೆ ಬಂತು. ಅವರ ಜೊತೆ ಜರ್ಮನ್ ರಾಗಗಳೂ ಬಂದವು. ಕನ್ನಡ ಮಾತು, ಜರ್ಮನ್ ರಾಗ, ಅದನ್ನು ಹೆಂಗಸರ ಸೊಪ್ರಾನೊ, ಆಲ್ಟೊ, ಗಂಡಸರ ಟೆನರ್, ಬಾಸ್ ಅಂತ ಹಂಚಿಕೊಂಡು ಹಾಡುವುದು. ಚಿಕ್ಕಂದಿನಲ್ಲಿ ಭಾನುವಾರದ ಆರಾಧನೆಯಲ್ಲಿ ಅಪ್ಪನ ಪಕ್ಕ ನಿಂತರೆ ಅವರ ಬಾಸ್ ನನ್ನ ಭುಜಕ್ಕೆ ತಾಗುತ್ತಿತ್ತು. ಕಿವಿಗಿಂತ ಮೊದಲು ಭುಜದಿಂದಲೇ ನಾನು ಆ ಸಾಲು ಕಲಿತೆ ಅನ್ನಬೇಕು.

ನಮ್ಮ ಕ್ವಾರ್ಟೆಟ್, ಅಂದರೆ ಈ ನಾಲ್ವರ ಗುಂಪು, ಶುರುವಾದದ್ದು ಮನೆಮನೆಗೆ ಹೋಗಿ ಹಾಡುವ ಒಂದು ಕ್ರಿಸ್ಮಸ್ ಕ್ಯಾರಲ್ ರೌಂಡ್ಸ್‌ನಲ್ಲಿ. ರಾತ್ರಿ 11 ದಾಟಿತ್ತು. ಕೀಬೋರ್ಡಿನ ಬ್ಯಾಟರಿ ಮುಗಿಯಿತು, ಹುಡುಗರು ಅರ್ಧದಲ್ಲೇ ಸುಮ್ಮನಾದರು. ನಾವು ನಾಲ್ಕು ಜನ ಮಾತ್ರ ನಿಲ್ಲಿಸದೆ ಹಾಡಿ ಮುಗಿಸಿದೆವು. ಆ ಮನೆಯ ಅಜ್ಜಿ ಬಾಗಿಲಲ್ಲೇ ನಿಂತು, "ಇನ್ನೊಂದು ಸಲ ಹಾಡಿ ಮಕ್ಕಳೇ, ಹೀಗೇ, ಏನೂ ಬಾರಿಸದೆ" ಅಂದರು. ಮುಂದಿನ ಗುರುವಾರದಿಂದ ಮಾಸ್ಟ್ರ ಮನೆಯ ಜಗಲಿಯಲ್ಲಿ ಅಭ್ಯಾಸ ಹಿಡಿದೆವು. ಮಾಸ್ಟ್ರು ಅಂದರೆ ನಮ್ಮ ಸೆಕೆಂಡ್ ಟೆನರ್. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು.

ಕಲಿಸುವವರು ಯಾರೂ ಇರಲಿಲ್ಲ. ಹಳೆಯ ರೆಕಾರ್ಡಿಂಗ್‌ಗಳನ್ನೇ ಗುರು ಮಾಡಿಕೊಂಡೆವು. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದವರಿಗಾಗಿ ಕಟ್ಟಿದ ಫಿಸ್ಕ್ ಎಂಬ ಶಾಲೆ ದುಡ್ಡಿಲ್ಲದೆ ಮುಚ್ಚುವ ಹಂತಕ್ಕೆ ಬಂದಿತ್ತು. 1871ರಲ್ಲಿ ಅಲ್ಲಿನ 9 ವಿದ್ಯಾರ್ಥಿಗಳು ಊರೂರಿಗೆ ಹೋಗಿ ಹಾಡಿ ಹಣ ತಂದು ಶಾಲೆ ಉಳಿಸಿದರು. ಅದೇ ಶಾಲೆಯ ನಾಲ್ಕು ಗಂಡಸರ ಗುಂಪು 1909ರಲ್ಲಿ ಹಾಡಿದ ರೆಕಾರ್ಡ್ ಇವತ್ತಿಗೂ ಕೇಳಲು ಸಿಗುತ್ತದೆ. ಗರಗರ ಸದ್ದಿನ ಹಿಂದಿನಿಂದ ಬರುವ ಆ ನಾಲ್ಕು ಧ್ವನಿ ಕೇಳಿ ಬ್ಯಾರಿಟೋನ್ ಅಣ್ಣ ಕಣ್ಣು ಒರೆಸಿಕೊಂಡರು. 1934ರಲ್ಲಿ ವರ್ಜೀನಿಯಾದಲ್ಲಿ ಶುರುವಾದ ಗೋಲ್ಡನ್ ಗೇಟ್ ಕ್ವಾರ್ಟೆಟ್‌ನಿಂದ ಲಯ ಕಲಿತೆವು. ವಾದ್ಯವಿಲ್ಲದೆ, ಬರೀ ಬಾಯಿಂದಲೇ ತಾಳ ಹೇಗೆ ಓಡಿಸುತ್ತಾರೆ ನೋಡಿ, ಅದು ಬೇರೆಯದೇ ವಿದ್ಯೆ.

ಟೆನರ್ ಯಾವುದು, ಬ್ಯಾರಿಟೋನ್ ಯಾವುದು ಅನ್ನುವುದು ಬೇಗ ಗೊತ್ತಾಯಿತು. ಮೂಲ ರಾಗ ಸಾಮಾನ್ಯವಾಗಿ ಸೆಕೆಂಡ್ ಟೆನರ್‌ನದು. ಫಸ್ಟ್ ಟೆನರ್ ಅದರ ಮೇಲೆ ಹೋಗುತ್ತಾನೆ. ಬಾಸ್ ನೆಲ ಹಾಕುತ್ತಾನೆ. ಉಳಿದ ಸ್ವರ ಬ್ಯಾರಿಟೋನ್‌ಗೆ. ಅದನ್ನು ಒಂಟಿಯಾಗಿ ಕೇಳಿದರೆ ಹಾಡು ಅನ್ನಿಸುವುದೇ ಇಲ್ಲ, ಆದರೆ ಅದಿಲ್ಲದಿದ್ದರೆ ಮಿಕ್ಕ ಮೂರೂ ಬರಿದು. ನಾಲ್ವರಲ್ಲಿ ಕಷ್ಟದ ಕೆಲಸ ಅವರದೇ ಅಂತ ನಾನು ಯಾವಾಗಲೂ ಹೇಳುತ್ತೇನೆ.

ನಿಜವಾದ ತೊಂದರೆ ಬಂದದ್ದು ಶ್ರುತಿಯಲ್ಲಿ. ಹಾಡು ಮುಗಿಯುವಾಗ ಅರ್ಧ ಸ್ವರ ಕೆಳಗೆ ಜಾರಿರುತ್ತಿದ್ದೆವು. ಉಸಿರು ದಣಿದರೆ ಹೀಗಾಗುತ್ತದೆ. ಒಂದೇ ಸ್ವರ ಮತ್ತೆ ಮತ್ತೆ ಬಂದಾಗಲೂ ಆಗುತ್ತದೆ. ಹಾರ್ಮೋನಿಯಂ ಇಟ್ಟುಕೊಂಡು ಅಭ್ಯಾಸ ಮಾಡಿದರೆ ಸರಿಹೋಗಬಹುದು ಅಂದುಕೊಂಡೆವು. ಆಗಲಿಲ್ಲ. ಹಾರ್ಮೋನಿಯಂನ ಗಾಂಧಾರ, ಅಂದರೆ 'ಗ' ಸ್ವರ, ಗಂಟಲುಗಳು ಸಹಜವಾಗಿ ಕೂಡುವ ಶುದ್ಧ ಗಾಂಧಾರಕ್ಕಿಂತ ಕೂದಲೆಳೆಯಷ್ಟು ಏರಿರುತ್ತದೆ. ಅದಕ್ಕೆ ಹೊಂದಿಸಿದರೆ ನಾಲ್ಕು ಗಂಟಲು ಒಂದಕ್ಕೊಂದು ಹೊಂದುವುದಿಲ್ಲ. ಕೊನೆಗೆ ಶ್ರುತಿ ಪೆಟ್ಟಿಗೆ ತಂದೆವು. ಅದರಲ್ಲಿ ಒಂದೇ ಸಮ ನುಡಿಯುವುದು ಷಡ್ಜ, ಪಂಚಮ ('ಸ', 'ಪ') ಎರಡೇ. ಪ್ರತಿ ಗುರುವಾರ ಮೊದಲ ಹತ್ತು ನಿಮಿಷ ಹಾಡೇ ಇಲ್ಲ, ಬರೀ 'ಆ'. ಒಬ್ಬೊಬ್ಬರಾಗಿ ಸೇರಿಕೊಳ್ಳುತ್ತೇವೆ. ಸರಿಯಾಗಿ ಕೂತ ದಿನ ತಲೆಯ ಮೇಲೆ ಯಾರೂ ಹಾಡದ ಇನ್ನೊಂದು ತೆಳು ಸ್ವರ ಕೇಳಿಸುತ್ತದೆ. ಮೊದಲ ಸಲ ಕೇಳಿದಾಗ ಫಸ್ಟ್ ಟೆನರ್ ಹುಡುಗ ತಿರುಗಿ ಬಾಗಿಲ ಕಡೆ ನೋಡಿದ, ಯಾರೋ ಬಂದರು ಅಂತ. ಜೋರಾಗಿ ಹಾಡಿದ ದಿನ ಅದು ಒಮ್ಮೆಯೂ ಬಂದಿಲ್ಲ. ಮಿಕ್ಕ ಮೂವರೂ ಕಿವಿಗೆ ಬೀಳುವಷ್ಟು ನನ್ನ ದನಿ ತಗ್ಗಬೇಕು.

ಆಮೇಲೆ ಕನ್ನಡದ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಹೊಸ ಗುಂಪುಗಳು ಇಲ್ಲೇ ಎಡವುತ್ತವೆ.

ಒಂದು ಪಾಶ್ಚಾತ್ಯ ರಾಗಕ್ಕೆ ನಾವೇ ಮಾತು ಬರೆದೆವು. ಅದರಲ್ಲಿ 'ನನ್ನ ಬಲ ನೀನೇ' ಅಂತ ಒಂದು ಸಾಲು. 'ಬ' ಅಕ್ಷರದ ಮೇಲೆ ರಾಗ ಎರಡು ಮಾತ್ರೆ ನಿಲ್ಲುತ್ತದೆ. ಎಳೆದು ಹಾಡಿದೆವು. ಸಂಡೇ ಸ್ಕೂಲಿನ ಮಕ್ಕಳು ಮುಂದಿನ ಬೆಂಚಿನಲ್ಲಿ ಕಿಸಕ್ಕನೆ ನಕ್ಕರು. ಅವರದು ತಪ್ಪಲ್ಲ. ಅವರಿಗೆ ಕೇಳಿಸಿದ್ದು 'ಬಾಲ'. ಪ್ರಾರ್ಥನೆಯ ಸಾಲು ಹೀಗೆ ಕೆಟ್ಟಿತಲ್ಲ ಅಂತ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ದಾರಿ ತೋರಿಸಿದವರು ಮಾಸ್ಟ್ರು. ಶಾಲೆಯಲ್ಲಿ ಕಲಿಸಿದ ಲಘು-ಗುರು ಗುರುತನ್ನು ಹಾಡಿನ ಮೇಲೆ ಹಾಕತೊಡಗಿದರು. ರಾಗ ಎಲ್ಲಿ ನಿಲ್ಲುತ್ತದೋ ಅಲ್ಲಿ ದೀರ್ಘ ಸ್ವರದ ಅಕ್ಷರವೇ ಬರಬೇಕು. 'ಬಲ' ತೆಗೆದು 'ಕೋಟೆ' ಹಾಕಿದೆವು. 'ನನ್ನ ಕೋಟೆ ನೀನೇ'. ಎಷ್ಟು ಬೇಕಾದರೂ ಎಳೆಯಿರಿ, ಕೋಟೆ ಕೋಟೆಯಾಗಿಯೇ ಇರುತ್ತದೆ. ಇನ್ನೊಂದು ತೊಡಕು: ಎಷ್ಟೋ ರಾಗಗಳು ಹಗುರವಾದ ಒಂದು ಪೆಟ್ಟಿನಿಂದ ಶುರುವಾಗುತ್ತವೆ, ಭಾರ ಎರಡನೆಯದರ ಮೇಲೆ. ಅಲ್ಲಿ 'ಯೇಸು' ಇಟ್ಟರೆ 'ಯೆ ಸೂ' ಅಂತ ಒಡೆಯುತ್ತದೆ. ಅದಕ್ಕೇ ಮುಂದೆ ಒಂದು 'ಓ' ಸೇರಿಸುತ್ತೇವೆ. 'ಓ ಯೇಸು'. ಹೆಸರು ಉಳಿಯುತ್ತದೆ, ರಾಗವೂ ಉಳಿಯುತ್ತದೆ. 'ಕ್ರಿಸ್ತ' ಅನ್ನುವಾಗ ನಾಲ್ವರೂ 'ಸ್' ಅಂದರೆ ಹಾವು ಬುಸುಗುಟ್ಟಿದ ಹಾಗೆ, ಆದ್ದರಿಂದ ಅದನ್ನು ಒಬ್ಬರೇ ಹೇಳುವುದು. ನಮ್ಮಲ್ಲಿ ಆ ಕೆಲಸ ನನ್ನದು.

ಬಾಸೆಲ್ ಮಿಷನ್ನಿನ ಕಿಟೆಲ್ ಅವರನ್ನು ನಿಘಂಟಿಗಾಗಿ ಎಲ್ಲರೂ ನೆನೆಯುತ್ತಾರೆ. ಆದರೆ ಅವರು 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿ ಇದೇ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಛಂದಸ್ಸಿನ ಆ ಪುಸ್ತಕವೂ, ನಾಲ್ಕು ಧ್ವನಿಯ ರಾಗಗಳೂ ಒಂದೇ ಮಿಷನ್ನಿನಿಂದ ನಮ್ಮ ಕೈಗೆ ಬಂದವು. ಎರಡನ್ನೂ ಜೊತೆಗಿಟ್ಟು ನೋಡಲು ನಮಗೆ ಇಷ್ಟು ಕಾಲ ಬೇಕಾಯಿತಲ್ಲ ಅಂತ ಮಾಸ್ಟ್ರು ಈಗಲೂ ಹೇಳುತ್ತಾರೆ.

ಮದುವೆ, ಕನ್ವೆನ್ಷನ್, ಶವಸಂಸ್ಕಾರ, ಎಲ್ಲ ಕಡೆ ಹಾಡಿದ್ದೇವೆ. ದುಡ್ಡು ಕೇಳುವುದಿಲ್ಲ, ಬಸ್ ಖರ್ಚು ಕೊಟ್ಟರೆ ಸಾಕು. ಆದರೆ ನನ್ನ ಪಾಲಿಗೆ ಸೇವೆ ಅಂದರೆ ತಿಂಗಳಿಗೊಮ್ಮೆ ಶನಿವಾರದ ಆಸ್ಪತ್ರೆ ವಾರ್ಡು.

ಅಲ್ಲಿ ಮೊದಲ ಸಲ ಸಭೆಯಲ್ಲಿ ಹಾಡಿದ ಹಾಗೆಯೇ ಹಾಡಿದೆವು. ಸಿಸ್ಟರ್ ಬಂದು, "ಅಂಕಲ್, ಸ್ವಲ್ಪ ಮೆಲ್ಲಗೆ, ಮಲಗಿದವರಿದ್ದಾರೆ" ಅಂದರು. ಕಲಿತೆವು. ಇನ್ನೊಂದು ಶನಿವಾರ ನಾವು ಹಾಡುತ್ತಿದ್ದಾಗ ಕಿಟಕಿ ಪಕ್ಕದ ಹಾಸಿಗೆಯಲ್ಲಿದ್ದ ಅಜ್ಜ ಕಣ್ಣು ಮುಚ್ಚಿಕೊಂಡೇ ಜೊತೆ ಸೇರಿದರು. ಎರಡನೇ ಚರಣ ಪೂರ್ತಿ ಬಾಯಿಪಾಠ. ಆದರೆ ಅವರ ಶ್ರುತಿ ನಮ್ಮದಕ್ಕಿಂತ ಬಹಳ ಕೆಳಗೆ. ಅಷ್ಟೇ ಉಸಿರು ಅವರಲ್ಲಿ ಉಳಿದಿತ್ತು.

ಮಾಸ್ಟ್ರು ಒಂದು ಸಾಲು ಸುಮ್ಮನಿದ್ದರು. ಮುಂದಿನ ಸಾಲಿಗೆ ಅಜ್ಜನ ಶ್ರುತಿಯಲ್ಲೇ ಎತ್ತಿಕೊಂಡರು. ನಾವು ಮೂವರೂ ತಡಕಾಡಿ ಅಲ್ಲಿಗೆ ಇಳಿದೆವು. ನನ್ನ ಸಾಲು ನನ್ನ ಗಂಟಲಿಗೆ ಎಟುಕದಷ್ಟು ಕೆಳಗೆ ಹೋಯಿತು, ಅದನ್ನು ಒಂದು ಸ್ಥಾಯಿ ಮೇಲೆ ತೆಗೆದುಕೊಂಡೆ. ಅಜ್ಜ ಹಾಸಿಗೆಯ ಕಬ್ಬಿಣದ ಸರಳಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದರು. ನಾಲ್ಕನೇ ಚರಣದವರೆಗೂ ಬಿಡಲಿಲ್ಲ. ವಾದ್ಯ ಇದ್ದಿದ್ದರೆ ಇದು ಆಗುತ್ತಿರಲಿಲ್ಲ, ಅಲ್ವಾ?

ಆವತ್ತಿನಿಂದ ಗುರುವಾರ ಪ್ರತಿ ಹಾಡನ್ನೂ ಮೂರು ಶ್ರುತಿಯಲ್ಲಿ ಅಭ್ಯಾಸ ಮಾಡುತ್ತೇವೆ. ಶ್ರುತಿ ಹಿಡಿಯಲು ಊದುವ ಪುಟ್ಟ ಪಿಚ್ ಪೈಪ್ ಮಾಸ್ಟ್ರ ಚೀಲದಲ್ಲಿ ಇದ್ದೇ ಇರುತ್ತದೆ. ವಾರ್ಡಿನಲ್ಲಿ ಮಾತ್ರ ತಕ್ಷಣ ಹೊರಗೆ ತೆಗೆಯುವುದಿಲ್ಲ. ಬಾಗಿಲ ಹತ್ತಿರ ಒಂದು ನಿಮಿಷ ನಿಲ್ಲುತ್ತೇವೆ, ಯಾರಾದರೂ ಗುನುಗುತ್ತಿದ್ದಾರಾ ಅಂತ ಕೇಳಲು.