ಗಂಡನಿಗೆ ಹತ್ತು ಅಂಕ

ನಮ್ಮ ಆಸ್ಟ್ರೇಲಿಯಾ ಅರ್ಜಿಯಲ್ಲಿ ಮುಖ್ಯ ಅರ್ಜಿದಾರಳು ನಾನು. ನಮ್ಮವರು ನನ್ನ ಬೆನ್ನಿಗೆ ಸೇರಿಕೊಂಡವರು. ಇದನ್ನು ಅತ್ತೆಗೆ ತಿಳಿಸಿ ಹೇಳುವುದೇ ದೊಡ್ಡ ಕೆಲಸವಾಯಿತು. "ಅವನಿಗೆ ಅಲ್ಲಿ ಕೆಲಸ ಸಿಕ್ಕಿತಾ?" ಎಂದು ಕೇಳಿದರು. ಇಬ್ಬರಿಗೂ ಸಿಕ್ಕಿರಲಿಲ್ಲ. 189 ಅನ್ನುವುದು ಪಿಆರ್ ವೀಸಾ, ಅಂದರೆ ಅಲ್ಲೇ ಕಾಯಂ ಆಗಿ ನೆಲೆಸುವ ಅನುಮತಿ. ಅದಕ್ಕೆ ಯಾವ ಕಂಪನಿಯೂ ಕರೆಯಬೇಕಿಲ್ಲ. ಅಂಕ ಇದ್ದರೆ ಸಾಕು.

ಆ ಅಂಕದ ಲೆಕ್ಕ ನಮ್ಮ ಮನೆಯ ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಮೂರು ವರ್ಷ ಇತ್ತು. 2019ರ ಕೊನೆಯಲ್ಲಿ ನನಗೆ 32 ವರ್ಷ. 25ರಿಂದ 32ರವರೆಗಿನ ವಯಸ್ಸಿಗೆ 30 ಅಂಕ. ಬಿ.ಇ.ಗೆ 15. ಎಂಟು ವರ್ಷದ ಅನುಭವಕ್ಕೆ 15. ಪಿಟಿಇ ಇಂಗ್ಲಿಷ್ ಪರೀಕ್ಷೆಯ ನಾಲ್ಕೂ ಭಾಗದಲ್ಲಿ 65 ದಾಟಿದ್ದಕ್ಕೆ 10. ಒಟ್ಟು 70. ಅರ್ಜಿ ಹಾಕಲು 65 ಸಾಕು, ಆದರೆ ಸಾಫ್ಟ್‌ವೇರ್‌ನವರ ಸಾಲು ಎಷ್ಟು ಉದ್ದ ಇರುತ್ತದೆ ಅಂತ ಹೇಳಬೇಕಿಲ್ಲ, ಅಲ್ವಾ? ಅಂಕ ಜಾಸ್ತಿ ಇದ್ದವರನ್ನು ಅಲ್ಲಿನ ಸರ್ಕಾರ ಮೊದಲು ಕರೆಯುತ್ತದೆ, 70ಕ್ಕೆ ಕರೆ ಬರುವುದಿಲ್ಲ.

ಅನುಭವದ ವಿಷಯದಲ್ಲೇ ಮೊದಲು ಎಡವಲಿದ್ದೆ. ನಾನು ಕೆಲಸಕ್ಕೆ ಸೇರಿ ಹತ್ತು ವರ್ಷವಾಗಿತ್ತು. ಐಟಿಯವರ ಅರ್ಹತೆ ಅಳೆಯುವ ಎಸಿಎಸ್ ಸಂಸ್ಥೆ ಅದರಲ್ಲಿ ಮೊದಲ ಎರಡು ವರ್ಷವನ್ನು ಕಳೆದುಬಿಡುತ್ತದೆ. ಓದಿದ್ದು ಬೇರೆ ವಿಷಯವಾಗಿದ್ದರೆ ಇನ್ನೂ ಜಾಸ್ತಿ ಕಳೆಯುತ್ತದೆ. ಬೆಂಗಳೂರಿನ ಒಬ್ಬ ಏಜೆಂಟ್ "ಹತ್ತೂ ವರ್ಷ ಹಾಕಿ ಮೇಡಂ, ಯಾರು ನೋಡ್ತಾರೆ" ಎಂದ. ನೋಡುತ್ತಾರೆ. ಎಣಿಸಬಾರದ ವರ್ಷ ಎಣಿಸಿ ಅಂಕ ಏರಿಸಿಕೊಂಡರೆ ವೀಸಾ ನಿರಾಕರಿಸುತ್ತಾರೆ, ಕಟ್ಟಿದ ಫೀಸೂ ಹೋಗುತ್ತದೆ. ಅವನು ಕೇಳಿದ್ದು ಒಂದು ಲಕ್ಷ. ಆ ಹಣ ಉಳಿಸಿ, ಎಲ್ಲವನ್ನೂ ನಾನೇ ಓದಿ ಮಾಡಿದೆ.

ಎಸಿಎಸ್‌ಗೆ ಬೇಕಾದ ಪತ್ರ ನಮ್ಮ ಎಚ್ಆರ್ ಕೊಡುವ ಎರಡು ಸಾಲಿನ ರಿಲೀವಿಂಗ್ ಲೆಟರ್ ಅಲ್ಲ. ದಿನವೂ ಏನು ಕೆಲಸ ಮಾಡುತ್ತಿದ್ದೆವು ಅಂತ ಅದರಲ್ಲಿರಬೇಕು. ಮೊದಲ ಕಂಪನಿ ಅದನ್ನು ಕೊಡಲು ಒಪ್ಪಲೇ ಇಲ್ಲ. ಆಗಿನ ಟೀಮ್ ಲೀಡರ್ ಒಬ್ಬರನ್ನು ಹುಡುಕಿ, ಸ್ಟಾಂಪ್ ಪೇಪರಿನಲ್ಲಿ ಅಫಿಡವಿಟ್ ಮಾಡಿಸಿದೆ. ಅದರ ಜೊತೆಗೆ ಸಂಬಳದ ಸ್ಲಿಪ್, ಫಾರ್ಮ್ 16 ಇಟ್ಟೆ. ಕೆಲಸ ಬಿಡುವ ದಿನವೇ ಈ ಪತ್ರ ಕೇಳಿ ಇಟ್ಟುಕೊಳ್ಳಿ. ಹತ್ತು ವರ್ಷ ಬಿಟ್ಟು ಹೋದರೆ ನಿಮ್ಮನ್ನು ಗುರುತು ಹಿಡಿಯುವವರೂ ಇರುವುದಿಲ್ಲ.

ಇನ್ನು ಹೆಸರಿನ ಕಥೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಹಿಂದೆ ಎರಡು ಇನಿಷಿಯಲ್: ಒಂದು ಊರು, ಇನ್ನೊಂದು ಅಪ್ಪ. ಡಿಗ್ರಿಯಲ್ಲಿ ಅವು ಹೆಸರಿನ ಮುಂದಕ್ಕೆ ಹೋಗಿವೆ. ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದಿದ್ದಾರೆ, ಹಾಗಾಗಿ ನನ್ನ ಸರ್‌ನೇಮ್ ಅಂದರೆ ಅಪ್ಪ. ನಮ್ಮವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಮದುವೆ ಸರ್ಟಿಫಿಕೇಟಿನಲ್ಲಿ ಇಬ್ಬರದೂ ಮತ್ತೊಂದು ಥರ. ನಮ್ಮ ಕಡೆ ಇದು ಮಾಮೂಲು, ಆದರೆ ಹೊರಗಿನವರಿಗೆ ನಾವು ಆರು ಜನ. ಇವೆಲ್ಲ ಒಬ್ಬರದೇ ಹೆಸರು ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿ ಎಲ್ಲ ಕಡೆಗೂ ಅಂಟಿಸಿದೆವು. ಫಾರ್ಮ್ ತುಂಬುವಾಗಲೂ 'ಬೇರೆ ಹೆಸರಿನಿಂದ ಕರೆಯುತ್ತಾರೆಯೇ' ಅನ್ನುವ ಜಾಗದಲ್ಲಿ ಪ್ರತಿಯೊಂದನ್ನೂ ಬರೆದೆ.

2019ರ ನವೆಂಬರ್ 16ರಿಂದ ನಿಯಮ ಬದಲಾಯಿತು. ಗಂಡ ಅಥವಾ ಹೆಂಡತಿಯ ವೃತ್ತಿಯೂ ಪಟ್ಟಿಯಲ್ಲಿದ್ದು, ಇಂಗ್ಲಿಷೂ ಇದ್ದರೆ 5ರ ಬದಲು 10 ಅಂಕ. ಬರೀ ಇಂಗ್ಲಿಷ್ ಇದ್ದರೆ 5. ಮದುವೆಯೇ ಆಗಿರದವರಿಗೆ ಸುಮ್ನೆ 10! ಅಂದರೆ ಪರೀಕ್ಷೆ ಬರೆಯದ ಗಂಡನಿಗಿಂತ ಗಂಡ ಇಲ್ಲದಿರುವುದೇ ಲಾಭ. ಇದನ್ನು ನಗುತ್ತಲೇ ಹೇಳಿದೆ. ನಮ್ಮವರು ಮಾರನೇ ದಿನ ಪಿಟಿಇ ಪುಸ್ತಕ ತಂದರು.

ಅವರು ಮೆಕ್ಯಾನಿಕಲ್ ಎಂಜಿನಿಯರ್. ಅವರ ಅರ್ಹತೆ ಅಳೆಯುವುದು ಎಂಜಿನಿಯರ್ಸ್ ಆಸ್ಟ್ರೇಲಿಯಾ ಅನ್ನುವ ಸಂಸ್ಥೆ. ಸಿಡಿಆರ್ ಅಂತ ಒಂದು ವರದಿ ಬರೆಯಬೇಕು: ತಾನು ಮಾಡಿದ ಮೂರು ಕೆಲಸಗಳ ಕಥೆ, ಪ್ರತಿ ಸಾಲಿನಲ್ಲೂ 'ನಾನು'. ನಾನು ಲೆಕ್ಕ ಹಾಕಿದೆ, ನಾನು ತಪ್ಪು ಹಿಡಿದೆ, ನಾನು ಸರಿ ಮಾಡಿದೆ. ಹನ್ನೊಂದು ವರ್ಷ ಪೀಣ್ಯದಲ್ಲಿ 'ನಾವು ಮಾಡಿದ್ವಿ ಸರ್' ಅಂದು ಅಭ್ಯಾಸವಾದ ಮನುಷ್ಯ. ಮೊದಲ ಕರಡು ಓದಿದರೆ ಇವರು ಆ ಕಾರ್ಖಾನೆಯಲ್ಲಿ ಇದ್ದರೋ ಇಲ್ಲವೋ ಅಂತಲೇ ಗೊತ್ತಾಗುತ್ತಿರಲಿಲ್ಲ. ನಾಲ್ಕು ಸಲ ಬರೆಸಿದೆ. ಸಿದ್ಧ ಸಿಡಿಆರ್ ಮಾರುವವರಿದ್ದಾರೆ, ಅವರ ಸಹವಾಸ ಬೇಡ. ಕದ್ದ ವರದಿ ಸಿಕ್ಕಿಬಿದ್ದರೆ ಮತ್ತೆ ಅರ್ಜಿ ಹಾಕುವುದಕ್ಕೂ ನಿಷೇಧ ಬೀಳಬಹುದು.

2020ರ ಜನವರಿಯಲ್ಲಿ ಅವರ ಪಿಟಿಇ ಮುಗಿಯಿತು, ಮೇ ತಿಂಗಳಲ್ಲಿ ಎಂಜಿನಿಯರ್ಸ್ ಆಸ್ಟ್ರೇಲಿಯಾದ ಉತ್ತರ ಬಂತು. ಕ್ಯಾಲೆಂಡರಿನ ಹಿಂದೆ 80 ಅಂತ ಬರೆದೆವು. ಅಷ್ಟರಲ್ಲಿ ಆಸ್ಟ್ರೇಲಿಯಾ ಮಾರ್ಚ್ 20ಕ್ಕೆ ಗಡಿ ಮುಚ್ಚಿಯಾಗಿತ್ತು. ಸೆಪ್ಟೆಂಬರಿನಲ್ಲಿ ನನಗೆ 33 ತುಂಬಿತು. ವಯಸ್ಸಿನ ಅಂಕ 25ಕ್ಕೆ ಇಳಿಯಿತು. ಆ ಹುಟ್ಟುಹಬ್ಬಕ್ಕೆ ನಮ್ಮವರು ಕೇಕ್ ತಂದು, ಕ್ಯಾಲೆಂಡರಿನಲ್ಲಿ 80 ಹೊಡೆದು 75 ಬರೆದರು.

ಉಳಿದಿದ್ದ ಒಂದೇ ದಾರಿ ಇಂಗ್ಲಿಷ್. ಆಗ ಪಿಟಿಇಯ ನಾಲ್ಕೂ ಭಾಗದಲ್ಲಿ 79 ಬಂದರೆ 10 ಅಲ್ಲ, 20 ಅಂಕ ಸಿಗುತ್ತಿತ್ತು. ಮೊದಲ ಪ್ರಯತ್ನದಲ್ಲಿ ರೈಟಿಂಗ್ 74ಕ್ಕೆ ನಿಂತಿತು. ಪ್ರಬಂಧ ಚೆನ್ನಾಗಿಲ್ಲ ಅಂದುಕೊಂಡು ದಿನಕ್ಕೊಂದು ಬರೆಯುತ್ತಿದ್ದೆ, ಅದು ದಂಡ. ಆಗಿನ ಪಿಟಿಇಯಲ್ಲಿ ಓದುವ ಭಾಗದ ಒಂದು ಬಗೆಯ ಬಿಟ್ಟ ಪದ ತುಂಬುವ ಪ್ರಶ್ನೆ ರೈಟಿಂಗ್‌ಗೂ ಅಂಕ ಕೊಡುತ್ತಿತ್ತು. ಅದನ್ನು ಹಿಡಿದ ಮೇಲೆ ನಂಬರ್ ಏರಿತು. ಸ್ಪೀಕಿಂಗ್‌ನಲ್ಲಿ ಆಗ ಕೇಳಿಸಿಕೊಳ್ಳುತ್ತಿದ್ದುದು ಕಂಪ್ಯೂಟರ್. ನಮ್ಮ ಉಚ್ಚಾರಣೆ ಅದಕ್ಕೆ ಅಷ್ಟೇನೂ ತೊಂದರೆ ಆಗಿರಲಿಲ್ಲ. ಮಾತಿನ ನಡುವೆ 'ಆಂ...' ಅಂತ ಎಳೆಯುವುದು, ತಪ್ಪಿದ ಪದಕ್ಕೆ ಹಿಂದೆ ಹೋಗಿ ಸರಿಮಾಡುವುದು, ಇವೇ ಕೆಡಿಸುತ್ತವೆ. ತಪ್ಪಿದರೂ ನಿಲ್ಲದೆ ಓಡಬೇಕು. 2021ರಲ್ಲಿ 79 ದಾಟಿತು. ಕ್ಯಾಲೆಂಡರಿನಲ್ಲಿ 85.

ಆಮೇಲೆ ಕಾಯುವ ಕೆಲಸ. ಎಸಿಎಸ್ ಫಲಿತಾಂಶಕ್ಕೆ ಎರಡೇ ವರ್ಷ ಆಯಸ್ಸು, ಅದನ್ನು ಮತ್ತೆ ಮಾಡಿಸಿದೆ. ಇಒಐ, ಅಂದರೆ ಕರೆಗಾಗಿ ಮೊದಲು ಹಾಕಿಡುವ ಅರ್ಜಿ, ಎರಡು ವರ್ಷಕ್ಕೆ ಸತ್ತಿತು, ಇನ್ನೊಂದು ಹಾಕಿದೆ. ಪಿಟಿಇಗೆ ಮೂರು ವರ್ಷ. ಅಂದರೆ ನಮ್ಮವರ ಅಂಕ 2023ರ ಜನವರಿಗೆ ಮುಗಿಯುತ್ತಿತ್ತು. ಕರೆ ಬಂದದ್ದು 2022ರ ಡಿಸೆಂಬರಿನಲ್ಲಿ.

ಕರೆ ಬಂದ ಮೇಲೆ 60 ದಿನ. ಫೀಸು ನನಗೆ 4,240 ಡಾಲರ್, ಅವರಿಗೆ 2,120, ಮಗಳಿಗೆ 1,060. ನಾಲ್ಕು ಲಕ್ಷ ರೂಪಾಯಿ ದಾಟಿತು, ಒಂದೇ ಸಲಕ್ಕೆ ಕಟ್ಟಬೇಕು. ಕ್ರೆಡಿಟ್ ಕಾರ್ಡಿನ ಮಿತಿ ಸಾಲದೆ ಫಾರೆಕ್ಸ್ ಕಾರ್ಡ್ ಮಾಡಿಸಿದೆವು. ಪಾಸ್‌ಪೋರ್ಟ್ ಸೇವಾ ಕೇಂದ್ರದಿಂದ ಪಿಸಿಸಿ ಅನ್ನುವ ಪೊಲೀಸ್ ಸರ್ಟಿಫಿಕೇಟ್, ನಿಗದಿಯಾದ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ, ರಕ್ತಪರೀಕ್ಷೆ. ಐದು ವರ್ಷದ ಮಗಳಿಗೂ ಕ್ಷಯದ ರಕ್ತಪರೀಕ್ಷೆ ಆಯಿತು, ಅವಳು ಕ್ಲಿನಿಕ್ ಅದುರುವ ಹಾಗೆ ಅತ್ತಳು. ಫಾರ್ಮ್ 80ರಲ್ಲಿ ಹತ್ತು ವರ್ಷದಲ್ಲಿ ಇದ್ದ ಮನೆಗಳ ವಿಳಾಸವೆಲ್ಲ ಬೇಕು. ಬಾಡಿಗೆ ಮನೆಯವರ ಪಾಡು ಊಹಿಸಿ.

ಐದು ತಿಂಗಳಾದ ಮೇಲೆ ಗ್ರಾಂಟ್ ಮೇಲ್ ಬಂತು, ಮೂವರಿಗೂ ಒಂದೇ ದಿನ. ನಮ್ಮವರದೂ ನನ್ನಷ್ಟೇ ಪೂರ್ತಿ ಪಿಆರ್. ಅಮೆರಿಕದಲ್ಲಿ ಗಂಡನ ಬೆನ್ನಿಗೆ ಸಿಗುವ ಎಚ್-4 ವೀಸಾದಲ್ಲಿರುವ ನನ್ನ ಗೆಳತಿಗೆ ಕೆಲಸ ಮಾಡುವ ಅನುಮತಿಗೂ ಗಂಡನ ಗ್ರೀನ್ ಕಾರ್ಡ್ ಫೈಲು ಒಂದು ಹಂತ ದಾಟುವವರೆಗೆ ಕಾಯಬೇಕಾಯಿತು. ಇಲ್ಲಿ ಆ ಗೋಳಿಲ್ಲ.

ಮೆಲ್ಬರ್ನಿಗೆ ಬಂದಮೇಲೆ ಮೊದಲು ಕೆಲಸ ಸಿಕ್ಕಿದ್ದು ಅವರಿಗೇ, ನನಗೆ ಇನ್ನೂ ಮೂರು ತಿಂಗಳು ಹಿಡಿಯಿತು. ಮಗ ಸೊಸೆಯನ್ನು ಆಸ್ಟ್ರೇಲಿಯಾಕ್ಕೆ ಕರ್ಕೊಂಡು ಹೋದ ಅಂತ ಅತ್ತೆ ಊರೆಲ್ಲ ಹೇಳಿದ್ದಾರೆ. ಕ್ಯಾಲೆಂಡರ್ ನನ್ನ ಹತ್ತಿರವೇ ಇದೆ.