ಸನ್ನತಿ ಸುತ್ತ ಹೊಲದಲ್ಲಿ ಕೆತ್ತನೆ ಕಲ್ಲು ಸಿಕ್ಕರೆ

ಕಲಬುರಗಿ ಜಿಲ್ಲೆಯ ಭೀಮಾ ದಂಡೆಯ ಸನ್ನತಿ, ಕನಗನಹಳ್ಳಿ ಸುತ್ತಲಿನ ಎರೆಹೊಲಗಳ ಕೆಳಗೆ ಬೌದ್ಧ ಸ್ತೂಪವಿದ್ದ ಹಳೆಯ ಪಟ್ಟಣವೇ ಹೂತುಹೋಗಿದೆ. ಬೇಲಿ ಹಾಕಿ ಕಾಯುತ್ತಿರುವುದು ಅದರ ಒಂದು ಭಾಗವನ್ನಷ್ಟೇ. ಉಳಿದದ್ದು ರಂಟೆಗೋ ಜೆಸಿಬಿಗೋ ತಗಲಿ ಮೇಲೆ ಬರುತ್ತದೆ.

ಕಲ್ಲು ತಗಲಿದ ಕೂಡಲೇ ಕೆಲಸ ನಿಲ್ಲಿಸಿ, ಎತ್ತಬೇಡಿ. ಅದು ಯಾವ ಆಳದಲ್ಲಿ, ಯಾವ ಮುಖ ಮೇಲಾಗಿ, ಯಾವ ಇಟ್ಟಿಗೆಯ ಪಕ್ಕ ಬಿದ್ದಿತ್ತು ಎಂಬುದರಿಂದಲೇ ಕಟ್ಟಡದ ಕಾಲ, ಕುಸಿದ ರೀತಿ ತಿಳಿಯುವುದು. ಗುಡಿಯ ಕಟ್ಟೆಗೆ ಒಯ್ದು ನಿಲ್ಲಿಸಿದರೆ ಕಲ್ಲು ಉಳಿಯುತ್ತದೆ, ಈ ವಿವರ ಹೋಗುತ್ತದೆ. ಸನ್ನತಿಯ ಅಶೋಕ ಶಾಸನದ ಕಲ್ಲು ಕಾಳಿಯ ವಿಗ್ರಹಕ್ಕೆ ಪೀಠವಾಗಿತ್ತು. ವಿಗ್ರಹ ಕೂರಿಸಲು ನಡುವೆ ಕೊರೆದ ಜಾಗದ ಅಕ್ಷರಗಳು ಮರಳಿ ಬರಲಿಲ್ಲ.

ಮೊದಲು ಫೋಟೊ. ಬದು, ಮರ ಕಾಣುವಂತೆ ದೂರದಿಂದ ಒಂದು, ಕಲ್ಲು ಪೂರ್ತಿ ಬರುವಂತೆ ಒಂದು, ಕೆತ್ತನೆಯ ಹತ್ತಿರದಿಂದ ಕೆಲವು. ಪಕ್ಕದಲ್ಲಿ 30 ಸೆಂ.ಮೀ. ಸ್ಕೇಲ್ ಇಡಿ. ನಡುಮಧ್ಯಾಹ್ನದ ಬಿಸಿಲಲ್ಲಿ ಸವೆದ ಅಕ್ಷರ ಕಾಣುವುದಿಲ್ಲ. ಬೆಳಗ್ಗೆ, ಸಂಜೆಯ ಓರೆ ಬೆಳಕಿನಲ್ಲಿ ತೆಗೆಯಿರಿ, ಇಲ್ಲವೇ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮಟ್ಟಕ್ಕೆ ಪಕ್ಕದಿಂದ ಹಿಡಿಯಿರಿ. ಅಕ್ಷರಕ್ಕೆ ಸೀಮೆಸುಣ್ಣ ತುಂಬಬೇಡಿ. ಬಿರುಕೂ ಅಕ್ಷರದ ಹಾಗೆ ಕಂಡು ಓದುವವರು ದಾರಿ ತಪ್ಪುತ್ತಾರೆ.

ಮೊಬೈಲ್ ಮ್ಯಾಪ್ ತೋರಿಸುವ ಜಾಗ ಕೆಲವು ಮೀಟರ್ ಆಚೀಚೆ ಆಗಬಹುದು. ಹಾಗಾಗಿ ಎರಡು ಬಾಂದುಕಲ್ಲುಗಳಿಂದ ಟೇಪ್ ಹಿಡಿದು ದೂರ ಅಳೆಯಿರಿ, ನೆಲದಿಂದ ಎಷ್ಟು ಆಳ ಎಂದೂ ಬರೆದಿಡಿ. ಇಟ್ಟಿಗೆ ಇದ್ದರೆ ಉದ್ದ, ಅಗಲ, ದಪ್ಪ ಮೂರೂ ಬೇಕು. ಈಗಿನ 9 ಇಂಚಿನದಕ್ಕಿಂತ ಬಹಳ ದೊಡ್ಡದಿದ್ದರೆ ಅದೇ ಮುಖ್ಯ ಸುಳಿವು.

ತೊಳೆಯುವ ಆಸೆಯನ್ನು ಖಂಡಿತ ತಡೆಯಿರಿ. ಇಲ್ಲಿನ ಶಿಲ್ಪಗಳು ನಮ್ಮ ಶಹಾಬಾದಿ ಫರ್ಸಿಯ ಜಾತಿಯ ಸುಣ್ಣದ ಕಲ್ಲಿನವು. ಆಸಿಡ್ ಬಿದ್ದರೆ ನೊರೆ ಎದ್ದು ಮೇಲ್ಮೈಯೇ ಕರಗುತ್ತದೆ, ತಂತಿ ಬ್ರಷ್ ನವಿರು ಗೆರೆಗಳನ್ನು ಕೆರೆದುಹಾಕುತ್ತದೆ. ಎಣ್ಣೆ, ಕುಂಕುಮ ರಂಧ್ರಗಳೊಳಗೆ ಇಳಿದರೆ ತೆಗೆಯುವುದು ಕಷ್ಟ. ಹಸಿ ಮಣ್ಣಿನಿಂದ ಬಂದ ಕಲ್ಲು ಬಿಸಿಲಿಗೆ ಒಮ್ಮೆಲೇ ಒಣಗಿದರೆ ಪದರ ಏಳಬಹುದು. ಹತ್ತಿಬಟ್ಟೆ ಹೊದಿಸಿ ಅದೇ ಮಣ್ಣು ಮುಚ್ಚಿ. ಪ್ಲಾಸ್ಟಿಕ್ ಬೇಡ, ಒಳಗೆ ನೀರು ಕಟ್ಟುತ್ತದೆ.

ಆಮೇಲೆ ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ ಅರ್ಜಿ ಬರೆಯಿರಿ, ಪುರಾತತ್ವ ಇಲಾಖೆಗೂ ಪ್ರತಿ ಕೊಡಿ. ಸರ್ವೆ ನಂಬರ್, ಸಿಕ್ಕ ದಿನಾಂಕ, ಅಳತೆ, ಫೋಟೊ ಇರಲಿ. ಸ್ವೀಕೃತಿ ಸಹಿ ಪಡೆಯದೆ ಬರಬೇಡಿ. ಕಲ್ಲು ಮಾರಿದರೆ, ಬಚ್ಚಿಟ್ಟರೆ ಕೇಸಾಗುತ್ತದೆ.

ಸಿಕ್ಕಿದ್ದು ಮನೆಯ ಬುನಾದಿಯಲ್ಲಾದರೆ ಇನ್ನೊಂದು ಲೆಕ್ಕ ನೋಡಬೇಕು. ಕೇಂದ್ರ ಸಂರಕ್ಷಿತ ಜಾಗದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. ಬಹಳ ಜನ ಸ್ತೂಪದಿಂದ ಅಳೆದು ತಪ್ಪುತ್ತಾರೆ; ಅಳೆಯಬೇಕಾದ್ದು ಸಂರಕ್ಷಿತ ಜಾಗದ ಗಡಿಯಿಂದ.