ಸಾಕು ಹಲ್ಲಿಗೆ ಆಹಾರದ ಹುಳುಗಳಿಂದ ಪರಾವಲಂಬಿ ತಗುಲದಂತೆ ನೋಡಿಕೊಳ್ಳುವುದು ಹೇಗೆ

ಹುಬ್ಬಳ್ಳಿ–ಧಾರವಾಡದಲ್ಲಿ ಲೆಪರ್ಡ್ ಗೆಕ್ಕೊ ಅಥವಾ ಬಿಯರ್ಡೆಡ್ ಡ್ರ್ಯಾಗನ್ ಜಾತಿಯ ಹಲ್ಲಿ ಸಾಕಿದವರಿಗೆ ಹುಳುಗಳ ಪಾರ್ಸೆಲ್ ತಡವಾದ ವಾರ ಅಡುಗೆಮನೆಯ ಜಿರಳೆಯೋ ಊರಾಚೆಯ ಶೇಂಗಾ ಹೊಲದ ಮಿಡತೆಯೋ ನೆನಪಾಗುವುದು ಸಹಜ. ಎರಡನ್ನೂ ಹಾಕಬಾರದು. ಮಿಡತೆಯ ಮೈಗೆ ರೈತರು ಹೊಡೆದ ‘ಎಣ್ಣಿ’, ಅಂದರೆ ಕೀಟನಾಶಕ, ಅಂಟಿರಬಹುದು. ಜಿರಳೆಯ ಅಪಾಯ ಬೇರೆ ಬಗೆಯದು: ಗೋಡೆ ಹಲ್ಲಿಗಳ ಶ್ವಾಸಕೋಶದಲ್ಲಿ ಬದುಕುವ ರೈಲಿಯೆಟಿಯೆಲ್ಲಾ ಎಂಬ ಪರಾವಲಂಬಿಯ ಮೊಟ್ಟೆಗಳು ಹಿಕ್ಕೆಯೊಡನೆ ಹೊರಬಿದ್ದು, ಅದನ್ನು ತಿಂದ ಜಿರಳೆಯ ದೇಹದಲ್ಲಿ ಮರಿಗಳಾಗಿ ಬೆಳೆದು, ಆ ಜಿರಳೆಯನ್ನು ನುಂಗಿದ ಹಲ್ಲಿಯನ್ನು ಸೇರುತ್ತವೆ.

ಕೊಂಡು ತಂದ ಹುಳುಗಳೆಲ್ಲ ಶುದ್ಧವೆಂದೂ ಭಾವಿಸಬೇಕಿಲ್ಲ. ಮಧ್ಯ ಯುರೋಪಿನ 300 ಕೀಟಸಾಕಣೆ ಘಟಕಗಳನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 244 ಕಡೆ ಪರಾವಲಂಬಿಗಳು ಕಂಡುಬಂದಿದ್ದವು. ಆದರೆ ಅವುಗಳಲ್ಲಿ ಎಷ್ಟೋ ಕೀಟಗಳನ್ನು ಮಾತ್ರ ಬಾಧಿಸುವಂಥವು. ಪ್ರಾಣಿಗಳಿಗೂ ತಗುಲಬಲ್ಲವು ಸಿಕ್ಕಿದ್ದು 106 ಘಟಕಗಳಲ್ಲಿ.

ನನ್ನ ಅಭಿಪ್ರಾಯದಲ್ಲಿ ಹುಳುವಿಗಿಂತ ಹಿಕ್ಕೆಗೆ ಹೆಚ್ಚು ಹೆದರಬೇಕು. ಸಾಕು ಹಲ್ಲಿಗಳನ್ನು ಹೆಚ್ಚಾಗಿ ಕಾಡುವ ಪಿನ್‌ವರ್ಮ್ ಎಂಬ ಕರುಳಿನ ಸಣ್ಣ ಜಂತು ಮತ್ತು ಕಾಕ್ಸಿಡಿಯಾ ಎಂಬ ಏಕಕೋಶ ಪರಾವಲಂಬಿಗಳು ಬೆಳೆಯಲು ಕೀಟದ ದೇಹವೇ ಬೇಕಿಲ್ಲ. ಗೂಡಿನಲ್ಲಿ ಉಳಿದ ಕ್ರಿಕೆಟ್ ಹುಳು (ಆಹಾರವಾಗಿ ಹಾಕುವ, ಮಿಡತೆಯನ್ನು ಹೋಲುವ ಕೀಟ) ಹಿಕ್ಕೆಯನ್ನು ಮೆದ್ದು, ಕಾಲಿಗೂ ಹೊಟ್ಟೆಗೂ ಅವುಗಳ ಮೊಟ್ಟೆಗಳನ್ನು ತುಂಬಿಕೊಂಡು, ಮರುದಿನ ಅದೇ ಹಲ್ಲಿಯ ಬಾಯಿಗೆ ಬೀಳುತ್ತದೆ. ಆದ್ದರಿಂದ ಹಲ್ಲಿ ಹದಿನೈದು–ಇಪ್ಪತ್ತು ನಿಮಿಷದಲ್ಲಿ ತಿನ್ನುವಷ್ಟೇ ಹುಳು ಹಾಕಿ, ಮಿಕ್ಕವನ್ನು ಚಿಮಟದಿಂದ ತೆಗೆಯಬೇಕು. ತೆಗೆದವನ್ನು ಸಾಕಣೆಯ ಡಬ್ಬಿಗೆ ಮರಳಿ ಹಾಕಲೇಬಾರದು. ದುಡ್ಡು ಕೊಟ್ಟು ತಂದ ಹುಳುವನ್ನು ಚೆಲ್ಲಲು ಮನಸ್ಸಾಗದೆ ಬಹುಕಾಲ ನಾನೂ ಅದನ್ನೇ ಮಾಡುತ್ತಿದ್ದೆ. ಹಿಕ್ಕೆಯನ್ನು ದಿನವೂ ತೆಗೆಯುವುದರಿಂದ ಇನ್ನೊಂದು ಲಾಭವಿದೆ: ಬಿಯರ್ಡೆಡ್ ಡ್ರ್ಯಾಗನ್‌ನ ಕಾಕ್ಸಿಡಿಯಾ ಹೊರಬಿದ್ದ ಕೂಡಲೇ ಸೋಂಕು ತರಲಾರದು, ಅದು ಮಾಗಲು ಸ್ವಲ್ಪ ಸಮಯ ಬೇಕು.

ಹುಳುಗಳ ಡಬ್ಬಿಯ ಮುಚ್ಚಳಕ್ಕೆ ಸಣ್ಣ ಕಣ್ಣಿನ ಲೋಹದ ಜಾಲರಿ ಇರಲಿ. ನೈಲಾನನ್ನು ಕ್ರಿಕೆಟ್‌ಗಳು ಕಡಿಯುತ್ತವೆ, ಆ ತೂತಿನಿಂದ ಮನೆಯ ಹಲ್ಲಿಗಳು ಒಳನುಗ್ಗಿ ಹಿಕ್ಕೆ ಹಾಕುತ್ತವೆ. ಆಹಾರಕ್ಕೆ ಗೋಧಿ ತೌಡು ಮತ್ತು ತೊಳೆದ ಗಜ್ಜರಿ ಸಾಕು. ಧಾರವಾಡದ ಮಳೆಗಾಲದಲ್ಲಿ ತೌಡು ಬೇಗ ಬೂಸ್ಟು ಹಿಡಿದು ನುಸಿಯಾಗುವುದರಿಂದ ಸ್ವಲ್ಪಸ್ವಲ್ಪವೇ ಹಾಕಿ ಬದಲಿಸುತ್ತಿರಬೇಕು.

ಹೊಸ ಹಲ್ಲಿಯನ್ನು 60ರಿಂದ 90 ದಿನ ಪ್ರತ್ಯೇಕ ಕೋಣೆಯಲ್ಲಿಟ್ಟು, ನೆಲಕ್ಕೆ ಮರಳಿನ ಬದಲು ಕಾಗದ ಹಾಸಿ, ಆ ಅವಧಿಯಲ್ಲಿ ಹಿಕ್ಕೆಯನ್ನು ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಮಾಡಿಸಬೇಕು. ತಾಜಾ ಹಿಕ್ಕೆಯನ್ನು ಮುಚ್ಚಳದ ಡಬ್ಬಿಯಲ್ಲಿ ಅದೇ ದಿನ ಪಶುವೈದ್ಯರಿಗೆ ಒಪ್ಪಿಸಿ, ಹಲ್ಲಿ ಏನು ತಿನ್ನುತ್ತಿದೆಯೆಂದೂ ತಿಳಿಸಿ. ಏಕೆಂದರೆ ಕ್ರಿಕೆಟ್‌ನ ಹೊಟ್ಟೆಯಲ್ಲಿದ್ದ, ಕೀಟಗಳಲ್ಲಿ ಬದುಕುವ ಗ್ರೆಗರೈನ್ ಎಂಬ ಏಕಕೋಶ ಪರಾವಲಂಬಿಗಳೂ ಕೀಟದ ಪಿನ್‌ವರ್ಮ್ ಮೊಟ್ಟೆಗಳೂ ಹಲ್ಲಿಗೆ ತೊಂದರೆ ಕೊಡದೆ ಹಾಗೆಯೇ ಹೊರಬಂದು ಸೂಕ್ಷ್ಮದರ್ಶಕದಡಿ ಕಾಣಿಸುತ್ತವೆ. ವರದಿಯಲ್ಲಿ ‘ಮೊಟ್ಟೆ ಇದೆ’ ಎಂದ ಮಾತ್ರಕ್ಕೆ ಕೋಳಿಗೆ ತಂದ ಜಂತಿನ ಔಷಧಿಯನ್ನು ಅಂದಾಜಿನ ಮೇಲೆ ಕುಡಿಸಬಾರದು. ವಾರಕ್ಕೊಮ್ಮೆ ಅಡುಗೆಯ ಡಿಜಿಟಲ್ ತಕ್ಕಡಿಯಲ್ಲಿ ಹಲ್ಲಿಯನ್ನು ತೂಗಿ ಬರೆದಿಟ್ಟರೆ ವೈದ್ಯರಿಗೆ ನಿರ್ಧರಿಸಲು ಸುಲಭ.

ಲೆಪರ್ಡ್ ಗೆಕ್ಕೊದ ಬಾಲ ಕಡ್ಡಿಯಂತೆ ಬಡಕಲಾದರೆ ಕ್ರಿಪ್ಟೊಸ್ಪೊರಿಡಿಯಮ್ ಎಂಬ ಏಕಕೋಶ ಪರಾವಲಂಬಿ ಇರಬಹುದೆಂದು ಶಂಕಿಸಬೇಕು. ಸಾಮಾನ್ಯ ಹಿಕ್ಕೆ ಪರೀಕ್ಷೆಯಲ್ಲಿ ಅದು ತಪ್ಪಿಹೋಗಬಹುದು, ವಿಶೇಷ ಬಣ್ಣ ಹಾಕಿ ನೋಡಬೇಕು ಇಲ್ಲವೇ ಪಿಸಿಆರ್ (ಡಿಎನ್‌ಎ ಪತ್ತೆ ಮಾಡುವ ಪರೀಕ್ಷೆ) ಮಾಡಿಸಬೇಕು. ಅದನ್ನು ಪೂರ್ಣ ಗುಣಪಡಿಸುವ ಭರವಸೆಯ ಔಷಧಿಯಿಲ್ಲ, ಬ್ಲೀಚಿಂಗ್ ನೀರಿಗೂ ಅದು ಜಗ್ಗುವುದಿಲ್ಲ. ಪಾತ್ರೆಗಳನ್ನು ಕುದಿಯುವ ನೀರಿನಲ್ಲೇ ಹಾಕಿ ತೆಗೆಯಬೇಕು. ಆ ಗೂಡಿನ ಚಿಮಟ, ಬಟ್ಟಲು ಬೇರೆ ಹಲ್ಲಿಯ ಬಳಿ ಹೋಗಕೂಡದು, ದಿನದ ಆಹಾರ ಹಾಕುವಾಗ ಆ ಗೂಡಿನ ಸರದಿ ಎಲ್ಲಕ್ಕಿಂತ ಕೊನೆಗೆ ಬರಬೇಕು.